ಅಕ್ವೇರಿಯಂ ಫಿಲ್ಟರ್ ಗದ್ದಲ ಮಾಡುತ್ತಿದೆಯೇ? ಸದ್ದು ಕೇಳಿ ದೋಷ ಹಿಡಿಯುವ ಬಗೆ

ಮೀನಿನ ತೊಟ್ಟಿಯ ಫಿಲ್ಟರ್ ಗದ್ದಲ ಶುರು ಮಾಡಿದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಎರಡರಲ್ಲಿ ಒಂದು. ರಾತ್ರಿ ಮಲಗುವಾಗ ಪ್ಲಗ್ ತೆಗೆದುಬಿಡುತ್ತಾರೆ, ಇಲ್ಲವೇ ಹೊಸ ಫಿಲ್ಟರ್ ಕೊಂಡು ತರುತ್ತಾರೆ. ಎರಡನೆಯದರಿಂದ ಹಣ ದಂಡ, ಅಷ್ಟೇ. ಮೊದಲನೆಯದು ಮೀನಿನ ಜೀವಕ್ಕೇ ಕುತ್ತು. ಫಿಲ್ಟರ್ ಒಳಗಿನ ಸ್ಪಾಂಜು ಮತ್ತು ಸೆರಾಮಿಕ್ ಉಂಗುರಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳೇ ಮೀನು ಹೊರಹಾಕುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುವುದು. ಅವಕ್ಕೆ ಆಮ್ಲಜನಕ ಬೇಕು, ಆಮ್ಲಜನಕ ತಲುಪಲು ನೀರು ಹರಿಯುತ್ತಲೇ ಇರಬೇಕು. ಮೇಲಾಗಿ ರಾತ್ರಿ ಹೊತ್ತು ತೊಟ್ಟಿಯ ಗಿಡಗಳೂ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ, ಬಿಡುಗಡೆ ಮಾಡುವುದಿಲ್ಲ. ಫಿಲ್ಟರ್ ನಿಲ್ಲಿಸಲು ರಾತ್ರಿಗಿಂತ ಕೆಟ್ಟ ಹೊತ್ತು ಇಲ್ಲ.

ಸದ್ದನ್ನು ಸಹಿಸಿಕೊಂಡು ಕೂರಬೇಕೆಂದೂ ಅಲ್ಲ. ಗದ್ದಲ ಮಾಡುವ ಫಿಲ್ಟರ್‌ಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ. ಎಲ್ಲೋ ಸುಣ್ಣ ಕಟ್ಟಿರುತ್ತದೆ, ಎಲ್ಲೋ ಗಾಳಿ ಸಿಕ್ಕಿಕೊಂಡಿರುತ್ತದೆ, ಒಂದು ರಬ್ಬರ್ ಚೂರು ಜಾರಿರುತ್ತದೆ. ಅದು ಎಲ್ಲಿ ಎಂಬುದನ್ನು ಸದ್ದೇ ಹೇಳುತ್ತದೆ.

ಬಿಚ್ಚುವ ಮೊದಲು ಕಿವಿಗೊಡಿ

ಟಿ.ವಿ., ಫ್ಯಾನ್ ಎಲ್ಲ ಆರಿಸಿ. ಒಂದು ಮರದ ಸೌಟು ತೆಗೆದುಕೊಂಡು, ಒಂದು ತುದಿಯನ್ನು ಫಿಲ್ಟರ್‌ನ ಹೊರ ಮೈಗೆ ತಾಗಿಸಿ, ಇನ್ನೊಂದು ತುದಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿಯಿರಿ. ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರ್ ಇಟ್ಟು ಎಂಜಿನ್ ಸದ್ದು ಕೇಳುವ ಉಪಾಯವೇ ಇದು. ನೀರಿನ ಹತ್ತಿರ ಲೋಹ ಬೇಡ, ಮರವೇ ಇರಲಿ; ಕೈಯೂ ಸೌಟೂ ಒಣಗಿರಲಿ. ಮೋಟಾರ್ ಭಾಗ, ಮುಚ್ಚಳ, ಪೈಪ್, ತೊಟ್ಟಿಯ ಗಾಜು, ಕೆಳಗಿನ ಮರದ ಸ್ಟ್ಯಾಂಡು, ಹೀಗೆ ಒಂದೊಂದನ್ನೂ ಕೇಳುತ್ತಾ ಹೋಗಿ. ಸದ್ದು ಹುಟ್ಟುವ ಜಾಗ ಒಂದು, ಅದು ದೊಡ್ಡದಾಗಿ ಕೇಳುವ ಜಾಗ ಇನ್ನೊಂದು ಎಂಬುದು ಆಗ ಗೊತ್ತಾಗುತ್ತದೆ.

ಗರಗರ, ಕಟಕಟ ಎಂದರೆ ತಿರುಗುವ ಭಾಗದಲ್ಲಿ ತೊಂದರೆ. ಗುಳುಗುಳು ಎಂದು ತಡೆತಡೆದು ಬಂದು, ಆಗಾಗ ಹೊರಹರಿವಿನಲ್ಲಿ ಗುಳ್ಳೆಗಳ ರಾಶಿ ಉಗುಳಿದರೆ ಒಳಗೆ ಗಾಳಿ ಇದೆ. ಒಂದೇ ಶ್ರುತಿಯ ಗುಂಯ್ ಸದ್ದು ಜೋರಾಗಿದ್ದರೆ ಕಂಪನ ಎಲ್ಲಿಗೋ ದಾಟುತ್ತಿದೆ. ಗುಂಯ್ ಎನ್ನುತ್ತಿದ್ದರೂ ನೀರು ಬರುತ್ತಿಲ್ಲವೆಂದರೆ ತಕ್ಷಣ ಪ್ಲಗ್ ತೆಗೆಯಿರಿ, ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಗಳಿರುವ ತಿರುಗುವ ಭಾಗ) ಸಿಕ್ಕಿಕೊಂಡಿದೆ. ಜುಳುಜುಳು ಸದ್ದಾದರೆ ನೀರು ಎತ್ತರದಿಂದ ಬೀಳುತ್ತಿದೆ. ತೊಟ್ಟಿಗೆ ನೀರು ತುಂಬಿಸಿದರೆ ಅಲ್ಲಿಗೆ ಮುಗಿಯಿತು.

ಗುಂಯ್ ಸದ್ದಿಗೆ ಮೊದಲ ಪರೀಕ್ಷೆ ಅಂಗೈ. ತೊಟ್ಟಿಯ ಗಾಜಿನ ಮುಚ್ಚಳವನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಸದ್ದು ನಿಂತಿತೇ? ಹಾಗಾದರೆ ಫಿಲ್ಟರ್ ನಿರಪರಾಧಿ, ಮುಚ್ಚಳದ ಅಂಚಿಗೆ ತೆಳು ರಬ್ಬರ್ ಪಟ್ಟಿ ಸಾಕು. ನಿಲ್ಲದಿದ್ದರೆ ಪೈಪು ಸ್ಟ್ಯಾಂಡಿನ ಮರಕ್ಕೆ ತಾಗುತ್ತಿದೆಯೇ, ಕ್ಯಾನಿಸ್ಟರ್ (ತೊಟ್ಟಿಯ ಕೆಳಗಿಡುವ ಡಬ್ಬಿ ಫಿಲ್ಟರ್) ಕ್ಯಾಬಿನೆಟ್‌ನ ಗೋಡೆಗೆ ಒರಗಿದೆಯೇ ನೋಡಿ. ಒಳಗೆ ಅಂಟಿಸುವ ಫಿಲ್ಟರ್ ಆದರೆ ಅದರ ರಬ್ಬರ್ ಕಪ್ಪುಗಳು ಗಟ್ಟಿಯಾಗಿ ಮೋಟಾರ್ ನೇರವಾಗಿ ಗಾಜಿಗೆ ಬಡಿಯುತ್ತಿರಬಹುದು. ಕಪ್ಪುಗಳನ್ನು ಬಿಸಿನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಸ್ವಲ್ಪ ಕಾಲಕ್ಕೆ ಮೆತ್ತಗಾಗುತ್ತವೆ; ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ.

ಕರೆಂಟಿನ ವಿಷಯದಲ್ಲಿ ಉದಾಸೀನ ಬೇಡ

ತೊಟ್ಟಿಯೊಳಗೆ ಕೈ ಹಾಕುವ ಮೊದಲು ಫಿಲ್ಟರ್, ಹೀಟರ್, ಲೈಟ್ ಎಲ್ಲದರ ಪ್ಲಗ್ ಕಳಚಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು. ವೈರು ಸಾಕೆಟ್ಟಿಗೆ ಹೋಗುವ ಮುನ್ನ ಒಮ್ಮೆ ಕೆಳಕ್ಕೆ ಜೋತು ಬಿದ್ದು ಮೇಲಕ್ಕೆ ಏರುವಂತಿರಲಿ. ವೈರಿನ ಮೇಲೆ ಇಳಿಯುವ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್ ಮುಟ್ಟುವುದಿಲ್ಲ. ನೀರು ಮುಟ್ಟಿದಾಗ ಜುಮ್ಮೆಂದರೆ, ಮೋಟಾರಿನಿಂದ ಸುಟ್ಟ ವಾಸನೆ ಬಂದರೆ, ವೈರಿನ ಹೊದಿಕೆ ಬಿರಿದಿದ್ದರೆ ಆ ಫಿಲ್ಟರನ್ನು ರಿಪೇರಿ ಮಾಡಲು ಹೋಗಬೇಡಿ. ಅದನ್ನು ಎಸೆಯಿರಿ. ಈ ಮೋಟಾರುಗಳ ಸುರುಳಿಯನ್ನು ರಾಳದೊಳಗೆ ಮುಚ್ಚಿ ಹೊಯ್ದಿರುತ್ತಾರೆ, ಮನೆಯಲ್ಲಿ ತೆರೆದು ಸರಿಪಡಿಸುವಂಥದ್ದಲ್ಲ. ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನೇ ಕಡಿಯುವ ಸ್ವಿಚ್) ಹಾಕಿಸಿಕೊಂಡಿರುವುದು ಮೀನು ಸಾಕುವವರಿಗೆ ತೀರಾ ಅಗತ್ಯ.

ಗರಗರ ಸದ್ದು: ಇಂಪೆಲ್ಲರ್ ಬಿಚ್ಚುವುದು

ಫಿಲ್ಟರ್ ಮೋಟಾರ್ ಎಂದರೆ ಒಂದು ಗುಳಿ, ಅದರಲ್ಲಿ ಕಡ್ಡಿಯೊಂದರ ಮೇಲೆ ತಿರುಗುವ ಉರುಳೆಯಾಕಾರದ ಅಯಸ್ಕಾಂತ, ಅದರ ತಲೆಯ ಮೇಲೆ ಪ್ಲಾಸ್ಟಿಕ್ ರೆಕ್ಕೆಗಳು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಮಾನ್ಯ ಸಣ್ಣ ಪಂಪು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಮರಳಿನ ಒಂದು ಕಾಳು, ಒಂದು ಪುಟ್ಟ ಬಸವನಹುಳು, ಜಾವಾ ಮಾಸ್ ಎಂಬ ನೀರುಗಿಡದ ಒಂದು ಎಳೆ ಸಿಕ್ಕಿದರೂ ಮನೆಯೆಲ್ಲ ಕೇಳುತ್ತದೆ.

ಪ್ಲಗ್ ತೆಗೆದು, ಮೋಟಾರ್ ಭಾಗವನ್ನು ಬಕೆಟ್‌ ಮೇಲೆ ಹಿಡಿದುಕೊಳ್ಳಿ. ಇಂಪೆಲ್ಲರ್‌ನ ಮುಚ್ಚಳ ಸಾಮಾನ್ಯವಾಗಿ ಕಾಲು ಸುತ್ತು ತಿರುಗಿಸಿದರೆ ಬರುತ್ತದೆ. ರೆಕ್ಕೆಗಳನ್ನು ಎರಡು ಬೆರಳಿನಲ್ಲಿ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಿರಿ. ಅಯಸ್ಕಾಂತ ಒಳಗೆ ಹಿಡಿದುಕೊಂಡಿರುವುದರಿಂದ ತುಸು ಬಿಗಿ ಅನ್ನಿಸುತ್ತದೆ. ಓರೆಯಾಗಿ ಎಳೆಯಬೇಡಿ, ಸೆರಾಮಿಕ್ ಕಡ್ಡಿಯಾದರೆ ಬಳಪದ ಹಾಗೆ ಪಟ್ಟನೆ ಮುರಿಯುತ್ತದೆ. ಕಡ್ಡಿಯ ಎರಡೂ ತುದಿಯಲ್ಲಿ ಕಡಲೆ ಗಾತ್ರದ ರಬ್ಬರ್ ಬುಷ್‌ಗಳಿರಬಹುದು. ಇವು ಗುಳಿಯ ತಳದಲ್ಲೇ ಉಳಿದುಬಿಡುತ್ತವೆ, ಇಲ್ಲವೇ ತೊಳೆಯುವಾಗ ಸಿಂಕಿನಲ್ಲಿ ಹರಿದುಹೋಗುತ್ತವೆ. ಒಂದು ಬಿಳಿ ತಟ್ಟೆಯಲ್ಲಿಟ್ಟು ಎಣಿಸಿಕೊಳ್ಳಿ. ಫಿಲ್ಟರ್ ತೊಳೆದ ಮೇಲೆ ಮೊದಲಿಗಿಂತ ಜೋರಾಗಿ ಸದ್ದು ಮಾಡುತ್ತಿದೆ ಎಂದು ದೂರುವವರಿಗೆ ಈ ಬುಷ್ ಎಲ್ಲಿದೆ ಎಂದು ಮೊದಲು ಕೇಳಬೇಕು.

ಇಲ್ಲಿ ಇನ್ನೊಂದು ವಿಷಯಕ್ಕೆ ಗಾಬರಿಯಾಗಬೇಡಿ. ಅಯಸ್ಕಾಂತವನ್ನು ಹಿಡಿದು ರೆಕ್ಕೆ ತಿರುಗಿಸಿದರೆ, ಎಷ್ಟೋ ಫಿಲ್ಟರ್‌ಗಳಲ್ಲಿ ರೆಕ್ಕೆ ಅರ್ಧ ಸುತ್ತಿನಷ್ಟು ಸಡಿಲವಾಗಿ ತಿರುಗಿ ಆಮೇಲೆ ತಡೆಯುತ್ತದೆ. ಮುರಿದಿದೆ ಎಂದುಕೊಂಡು ಅಂಟು ಹಾಕುವವರಿದ್ದಾರೆ. ಹಾಕಿದರೆ ಮೋಟಾರ್ ಹೊರಡಲು ತಿಣುಕಾಡುತ್ತದೆ. ಆ ಸಡಿಲವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಮೊದಲು ಅಯಸ್ಕಾಂತ ಒಂದಿಷ್ಟು ತಿರುಗಿ ವೇಗ ಪಡೆದು, ಆಮೇಲೆ ನೀರಿನ ಭಾರದ ರೆಕ್ಕೆಯನ್ನು ಎಳೆದುಕೊಳ್ಳಲಿ ಎಂಬ ಉದ್ದೇಶ. ಹಾಗೆಯೇ, ಇಂತಹ ಸಣ್ಣ ಮೋಟಾರುಗಳಲ್ಲಿ ಹೆಚ್ಚಿನವಕ್ಕೆ ದಿಕ್ಕಿನ ಕಟ್ಟಳೆ ಇಲ್ಲ, ಪ್ಲಗ್ ಹಾಕಿದ ಕ್ಷಣ ಎಡಕ್ಕೋ ಬಲಕ್ಕೋ ತಿರುಗಿ ಹೊರಡುತ್ತವೆ. ಸವೆದ ಇಂಪೆಲ್ಲರ್ ಒಂದು ದಿಕ್ಕಿನಲ್ಲಿ ಮಾತ್ರ ಗರಗರ ಎನ್ನುವುದುಂಟು. ಪ್ಲಗ್ ತೆಗೆದು ಹಾಕಿದಾಗ ಒಮ್ಮೆ ಸದ್ದು, ಒಮ್ಮೆ ನಿಶ್ಶಬ್ದ ಎಂದಾದರೆ ಕಾರಣ ಇದೇ. ಹೊಸ ಇಂಪೆಲ್ಲರ್ ತರುವ ಕಾಲ ಹತ್ತಿರವಾಗಿದೆ.

ಗುಳಿಯನ್ನು ಉಜ್ಜಲು ಬಾಟಲಿ ಸ್ಟ್ರಾ ತೊಳೆಯುವ ಸಣ್ಣ ಬ್ರಷ್ ಒಳ್ಳೆಯದು. ಅದಿಲ್ಲದಿದ್ದರೆ ಹೊಸ ತೆಂಗಿನ ಕಡ್ಡಿಗೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ ತಿರುವಿದರೂ ಆಗುತ್ತದೆ. ಬಳಸಿದ ಪೊರಕೆಯ ಕಡ್ಡಿ ಬೇಡ, ಅದರಲ್ಲಿ ಫಿನೈಲ್ ಅಂಶವಿದ್ದರೆ ಮೀನಿಗೆ ಆಪತ್ತು. ಸೋಪು ಸುತರಾಂ ಬೇಡ.

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಅಯಸ್ಕಾಂತದ ಮೈಮೇಲೆ, ಕಡ್ಡಿಯ ಮೇಲೆ ಬೂದು ಬಿಳಿ ಪೊರೆ ಕಾಣಿಸುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಗಡಸು ನೀರಿನಲ್ಲಿ ಇದು ಬೇಗ ಕಟ್ಟುತ್ತದೆ. ನೋಡಲು ತೆಳುವಾದರೂ ಬೆರಳಿಗೆ ಮರಳು ಕಾಗದದಂತೆ ತಗಲುತ್ತದೆ. ಸ್ಕ್ರಬ್ಬರ್ ಹಾಕಿ ಕೆರೆಯಬೇಡಿ, ಗೀಚಿದ ಜಾಗದಲ್ಲಿ ಸವೆತ ಹೆಚ್ಚುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಸಿಡ್ ಪುಡಿ, ಇಲ್ಲವೇ ಅರ್ಧ ಲೋಟ ವಿನೆಗರ್‌ಗೆ ಅರ್ಧ ಲೋಟ ನೀರು ಬೆರೆಸಿ, ಇಂಪೆಲ್ಲರನ್ನು ಅರ್ಧ ಗಂಟೆ ನೆನೆಸಿ. ಸಣ್ಣ ಸಣ್ಣ ಗುಳ್ಳೆಗಳೆದ್ದರೆ ಸುಣ್ಣ ಕರಗುತ್ತಿದೆ ಎಂದು ತಿಳಿಯಿರಿ. ಗುಳ್ಳೆ ನಿಂತ ಮೇಲೆ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಮೆತ್ತನೆಯ ಬ್ರಷ್‌ನಿಂದ ಒಮ್ಮೆ ಸವರಿ. ಈ ಹುಳಿನೀರು ಇಂಪೆಲ್ಲರ್‌ಗೆ ಮಾತ್ರ. ಸ್ಪಾಂಜು, ಸೆರಾಮಿಕ್ ಉಂಗುರಗಳ ಹತ್ತಿರ ಅದನ್ನು ಸುಳಿಯಗೊಡಬೇಡಿ.

ಜೋಡಿಸುವ ಮುಂಚೆ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ತೋಡು ಬಿದ್ದಿದ್ದರೆ, ರೆಕ್ಕೆಯ ತುದಿ ಮುರಿದಿದ್ದರೆ, ಅಯಸ್ಕಾಂತ ಬಿರುಕು ಬಿಟ್ಟಿದ್ದರೆ ಎಷ್ಟು ತೊಳೆದರೂ ಸದ್ದು ಹೋಗದು. ಇಂಪೆಲ್ಲರ್ ಸೆಟ್ ಮಾತ್ರ ಬೇರೆಯಾಗಿ ಸಿಗುತ್ತದೆ, ಅದನ್ನು ಬದಲಿಸಿ. ಎಣ್ಣೆ, ಗ್ರೀಸ್ ಸವರುವ ಆಸೆ ಬೇಡ. ಈ ಮೋಟಾರಿಗೆ ನೀರೇ ಎಣ್ಣೆ, ನೀರೇ ತಂಪು. ಆದ್ದರಿಂದಲೇ ನೀರಿಲ್ಲದೆ ಅದನ್ನು ಪರೀಕ್ಷೆಗೆಂದೂ ಓಡಿಸಬಾರದು.

ಗುಳುಗುಳು ಸದ್ದು: ಗಾಳಿ ಎಲ್ಲಿಂದ ಬರುತ್ತಿದೆ?

ಒಳಗೆ ಮುಳುಗಿಸುವ ಫಿಲ್ಟರ್ ಆದರೆ ಮೊದಲು ಅದರ ಮೂತಿಯ ಹತ್ತಿರ ನೋಡಿ. ಗಾಳಿ ಎಳೆಯಲೆಂದೇ ಒಂದು ತೆಳು ನಳಿಕೆ ಕೊಟ್ಟಿರುತ್ತಾರೆ, ಅದರ ಮೇಲ್ತುದಿ ನೀರಿನ ಹೊರಗಿರುತ್ತದೆ. ಸಿಳ್ಳೆಯಂಥ ಸದ್ದು, ಹೊಗೆಯಂಥ ಗುಳ್ಳೆ ಎರಡೂ ಅಲ್ಲಿಂದಲೇ. ತುದಿಯ ತಿರುಗಣಿ ತುಸು ಬಿಗಿ ಮಾಡಿದರೆ ಗುಳ್ಳೆ ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚಿದರೆ ಫಿಲ್ಟರ್‌ನ ಮೂತಿಯನ್ನು ನೀರಿನ ಮೇಲ್ಮೈ ಅಲುಗುವಂತೆ ತಿರುಗಿಸಿಡಿ, ಆಮ್ಲಜನಕ ಬೆರೆಯುವುದು ಆ ಅಲುಗಾಟದಿಂದ. ಆಮೇಲೆ ನೀರಿನ ಮಟ್ಟ ನೋಡಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ಇಳಿದಾಗ ಎಳೆಯುವ ಬಾಯಿಯ ಮೇಲೆ ಸುಳಿ ಹುಟ್ಟಿ ಗಾಳಿಯನ್ನು ಒಳಗೆಳೆಯುತ್ತದೆ. ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರದ ಕಲ್ಲು) ಆ ಬಾಯಿಯ ಪಕ್ಕದಲ್ಲೇ ಇದ್ದರೂ ಇದೇ ಗತಿ, ಅದನ್ನು ಇನ್ನೊಂದು ಮೂಲೆಗೆ ಸರಿಸಿ.

ತೊಟ್ಟಿಯ ಕೆಳಗಿಡುವ ಕ್ಯಾನಿಸ್ಟರ್ ಫಿಲ್ಟರ್‌ನದು ಬೇರೆ ಕತೆ. ಇದರಲ್ಲಿ ಒಂದು ಸೂತ್ರ ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಆದಂತೆ. ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿರುವ ಜೋಡಣೆ ಸಡಿಲವಾದರೆ ನೀರು ಹೊರಗೆ ಸೋರುತ್ತದೆ. ಮಟ್ಟಕ್ಕಿಂತ ಮೇಲಿರುವುದು ಸಡಿಲವಾದರೆ ನೀರು ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೊಟ್ಟಿಯ ಅಂಚನ್ನು ಹತ್ತಿ ಇಳಿಯುವ ಬಾಗಿದ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಅಲ್ಲಿನ ಕೂದಲೆಳೆಯಷ್ಟು ಸಂದು ಸಾಕು. ಕ್ಯಾಬಿನೆಟ್ ಒಳಗೆ ಒಂದು ಹನಿಯೂ ಬಿದ್ದಿಲ್ಲ, ಆದ್ದರಿಂದ ಎಲ್ಲ ಬಿಗಿಯಾಗಿದೆ ಎಂದು ತೀರ್ಮಾನಿಸಬೇಡಿ. ಟಾರ್ಚ್ ಹಿಡಿದು, ನೀರು ಇಳಿಯುವ ಪೈಪನ್ನು ನೋಡಿ. ಅದರಲ್ಲೇ ಗುಳ್ಳೆ ಓಡುತ್ತಿದ್ದರೆ ದೋಷ ಆ ಬಾಗಿನ ಜೋಡಣೆಯಲ್ಲಿ, ಇಲ್ಲವೇ ತೊಟ್ಟಿಯೊಳಗಿನ ಬಾಯಿಯಲ್ಲಿದೆ. ಜೋಡಣೆಗೆ ಒದ್ದೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಸ್ವಲ್ಪ ಹೊತ್ತು ಕಾಯಿರಿ. ಗುಳ್ಳೆ ನಿಂತರೆ ಕಳ್ಳ ಸಿಕ್ಕಂತೆ. ಪೈಪಿನ ಗಟ್ಟಿಯಾದ ತುದಿಯನ್ನು ಒಂದೆರಡು ಸೆಂಟಿಮೀಟರ್ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ, ಮೆತ್ತಗಿರುವಾಗಲೇ ಒಳಗೆ ತುರುಕಿ ಬಿಗಿಯಿರಿ.

ಇಳಿಯುವ ಪೈಪು ಶುಭ್ರವಾಗಿದ್ದು, ಹೊರಬರುವ ನೀರಿನಲ್ಲಿ ಮಾತ್ರ ಗುಳ್ಳೆ ಕಂಡರೆ ದೋಷ ಕ್ಯಾನಿಸ್ಟರ್‌ನೊಳಗೇ ಇದೆ. ಮುಚ್ಚಳದ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಮೇಲೆ ಒಂದು ಮರಳ ಕಾಳೋ ಕೂದಲೋ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಣಗಿದ್ದರೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ವ್ಯಾಸಲಿನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಹಾಳಾಗುತ್ತದೆ. ಓ-ರಿಂಗ್ ಸರಿಯಿದ್ದರೆ ಕೊಳೆ ಸೋಸುವ ಹತ್ತಿಯ ಪದರ ಕೆಸರಿನಿಂದ ಮುಚ್ಚಿಹೋಗಿರಬಹುದು. ಪಂಪು ಎಳೆಯುತ್ತದೆ, ನೀರು ಬರುವುದಿಲ್ಲ, ಒಳಗಿನ ಒತ್ತಡ ಕುಸಿದು ನೀರಿನಲ್ಲಿ ಕರಗಿದ್ದ ಗಾಳಿಯೇ ಗುಳ್ಳೆಯಾಗಿ ಬೇರ್ಪಡುತ್ತದೆ. ಹರಿವು ಜೋರಾಯಿತೆಂದು ಎಳೆಯುವ ಕಡೆಯ ನಲ್ಲಿಯನ್ನು ಅರ್ಧ ಮುಚ್ಚಿಟ್ಟರೂ ಹೀಗೇ ಆಗುತ್ತದೆ. ಹರಿವು ತಗ್ಗಿಸಬೇಕಾದರೆ ಯಾವಾಗಲೂ ಹೊರಹರಿವಿನ ನಲ್ಲಿಯನ್ನೇ ತಿರುಗಿಸಿ.

ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವುದು ಹೀಗೆ. ಪ್ಲಗ್ ತೆಗೆದು ಒಂದು ನಿಮಿಷ ಬಿಡಿ; ಗಾಳಿ ತಾನೇ ಮೇಲಕ್ಕೆ ಸೇರುತ್ತದೆ. ಕ್ಯಾನಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಪಕ್ಕಕ್ಕೆ, ಆಮೇಲೆ ಇನ್ನೊಂದು ಪಕ್ಕಕ್ಕೆ ನಿಧಾನವಾಗಿ ವಾಲಿಸಿ, ಹೊರಹರಿವಿನ ಪೈಪು ಮೇಲೆ ಬರುವ ಹಾಗೆ ಸ್ವಲ್ಪ ಹೊತ್ತು ಹಿಡಿಯಿರಿ. ಪೈಪಿನಲ್ಲಿ ಗುಳುಕ್ ಎಂದು ಗಾಳಿ ಏರುವುದು ಕೇಳಿಸುತ್ತದೆ. ಈಗ ಪ್ಲಗ್ ಹಾಕಿ, ಅರ್ಧ ನಿಮಿಷ ಓಡಿಸಿ, ಮತ್ತೆ ತೆಗೆಯಿರಿ. ಇದನ್ನು ಮೂರು ನಾಲ್ಕು ಸಲ ಮಾಡಿ. ಹೊರಹರಿವಿನ ಪೈಪು ನಡುವೆ ಹಾವಿನಂತೆ ಏರಿಳಿದಿದ್ದರೆ ಉಬ್ಬಿದ ಜಾಗದಲ್ಲೆಲ್ಲ ಗಾಳಿ ಕೂರುತ್ತದೆ. ಹೆಚ್ಚುವರಿ ಉದ್ದ ಕತ್ತರಿಸಿ, ಪೈಪು ಕ್ಯಾನಿಸ್ಟರ್‌ನಿಂದ ತೊಟ್ಟಿಗೆ ಏರುತ್ತಲೇ ಹೋಗುವಂತೆ ಮಾಡಿ.

ಹೊಸ ಸ್ಪಾಂಜು, ಹೊಸ ಸೆರಾಮಿಕ್ ಉಂಗುರ ಹಾಕಿದ ಒಂದೆರಡು ದಿನ ಗುಳ್ಳೆ ಬರುವುದು ಸಹಜ, ಅವುಗಳ ರಂಧ್ರಗಳಲ್ಲಿದ್ದ ಗಾಳಿ ಬಿಡುಗಡೆಯಾಗುತ್ತಿರುತ್ತದೆ. ಹಾಕುವ ಮುಂಚೆಯೇ ಬಕೆಟ್ ನೀರಿನಲ್ಲಿ ಮುಳುಗಿಸಿ, ಸ್ಪಾಂಜನ್ನು ನೀರೊಳಗೇ ಹಿಂಡಿ ಹಿಂಡಿ ಬಿಟ್ಟರೆ ಈ ಕಾಟ ಇರದು. ಹಳೆಯ ಸ್ಪಾಂಜು ತೊಳೆಯುವುದಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮಾತ್ರ. ಕಾವೇರಿ ನೀರಾಗಲಿ, ಇನ್ನಾವುದೇ ನಗರಸಭೆಯ ನೀರಾಗಲಿ, ಅದರ ಕ್ಲೋರಿನ್ ನಿಮ್ಮ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಒಂದೇ ದಿನ ಎಲ್ಲವನ್ನೂ ತೊಳೆಯಬೇಡಿ. ಅರ್ಧ ಇವತ್ತು, ಉಳಿದದ್ದು ಎರಡು ವಾರ ಬಿಟ್ಟು. ಸದ್ದಿಲ್ಲದ ಫಿಲ್ಟರ್, ಸತ್ತ ಮೀನು ಎಂಬ ಸ್ಥಿತಿ ಬರುವುದು ಈ ಅತಿ ಶುಚಿಯಿಂದಲೇ.

ಹ್ಯಾಂಗ್-ಆನ್ ಮತ್ತು ಸ್ಪಾಂಜ್ ಫಿಲ್ಟರ್

ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರ್ ಪ್ಲಗ್ ಹಾಕಿದೊಡನೆ ಗರ್ರೆಂದು ಒದ್ದಾಡಿದರೆ ಅದರೊಳಗೆ ನೀರಿಲ್ಲ ಎಂದರ್ಥ. ಒಂದು ಚೊಂಬಿನಿಂದ ತೊಟ್ಟಿಯ ನೀರನ್ನು ಡಬ್ಬಿಗೆ ತುಂಬ ಹೊಯ್ದು ಆಮೇಲೆ ಪ್ಲಗ್ ಹಾಕಿ. ಎಳೆಯುವ ಕೊಳವೆ ತಳಕ್ಕೆ ಪೂರ್ತಿ ಕೂತಿದೆಯೇ ನೋಡಿ, ತುಸು ಮೇಲೆದ್ದಿದ್ದರೂ ಗಾಳಿ ಎಳೆಯುತ್ತದೆ.

ಸ್ಪಾಂಜ್ ಫಿಲ್ಟರ್‌ನಲ್ಲಿ ಮೋಟಾರಿಲ್ಲ, ಸದ್ದು ಮಾಡುವುದು ಏರ್ ಪಂಪು. ಅದನ್ನು ಮರದ ಮೇಲೆ ನೇರ ಇಡದೆ ಒಂದು ದಪ್ಪ ಸ್ಪಾಂಜಿನ ತುಂಡಿನ ಮೇಲೆ ಕೂರಿಸಿ. ಸದ್ದು ದಿನೇ ದಿನೇ ಏರುತ್ತಿದ್ದರೆ ಏರ್ ಸ್ಟೋನ್ ಕಟ್ಟಿಕೊಂಡಿದೆಯೇ ನೋಡಿ. ನಳಿಕೆಯನ್ನು ಪಂಪಿನಿಂದ ಕಳಚಿದಾಗ ಪಂಪು ಶಾಂತವಾದರೆ ಸ್ಟೋನ್ ಬದಲಿಸಿ, ಅದಕ್ಕೆ ಹೆಚ್ಚು ಹಣವೇನೂ ಆಗದು. ಬೊಳಬೊಳ ಎಂಬ ದೊಡ್ಡ ಗುಳ್ಳೆಗಳ ಸದ್ದು ಬೇಡವಾದರೆ ಸ್ಪಾಂಜ್ ಫಿಲ್ಟರ್‌ನ ನಡುಗೊಳವೆಯೊಳಗೆ ಸಣ್ಣ ಏರ್ ಸ್ಟೋನ್ ಇಳಿಸಿ. ಗುಳ್ಳೆ ನುಣ್ಣಗಾಗುತ್ತದೆ, ನೀರು ಎತ್ತುವ ಶಕ್ತಿಯೂ ಹೆಚ್ಚುತ್ತದೆ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನಳಿಕೆಯ ನಡುವೆ ನೀರು ಹಿಮ್ಮುಖವಾಗಿ ಬರದಂತೆ ತಡೆಯುವ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ತೊಟ್ಟಿಯ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೂ, ಪ್ಲಗ್ಗಿಗೂ ತಲುಪಬಹುದು.

ಕರೆಂಟ್ ಹೋಗಿ ಬಂದಾಗ

ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಫಿಲ್ಟರ್ ಗುಂಯ್‌ಗುಡುತ್ತದೆ, ಜೊತೆಗೆ ಸೀಲಿಂಗ್ ಫ್ಯಾನೂ ಗುಂಯ್‌ಗುಡುತ್ತದೆ ಎಂದಾದರೆ ಫಿಲ್ಟರ್ ಬಿಚ್ಚುವ ಅಗತ್ಯವೇ ಇಲ್ಲ. ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಗುಣ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಆ ಸದ್ದು ಇರುವುದಿಲ್ಲ.

ಗಂಟೆಗಟ್ಟಲೆ ಕರೆಂಟ್ ಹೋಗಿದ್ದರೆ ಸದ್ದಿಗಿಂತ ದೊಡ್ಡ ಚಿಂತೆ ಕ್ಯಾನಿಸ್ಟರ್ ಒಳಗಿನ ನೀರು. ಮುಚ್ಚಿದ ಡಬ್ಬಿಯಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಸಾಯಲಾರಂಭಿಸುತ್ತವೆ, ನೀರು ನಾರುತ್ತದೆ. ಕರೆಂಟ್ ಬಂದೊಡನೆ ಆ ನೀರೆಲ್ಲ ಮೀನಿನ ಮೇಲೆ ಹೋಗುತ್ತದೆ. ಹೊರಗೆ ಹೋಗುವಾಗ ಮನೆಯಲ್ಲಿ ಉಳಿಯುವವರಿಗೆ ಒಂದು ಮಾತು ಹೇಳಿಡಿ: ಹೆಚ್ಚು ಹೊತ್ತು ಕರೆಂಟ್ ಹೋದರೆ ಫಿಲ್ಟರ್ ಪ್ಲಗ್ ಕಳಚಿಡಲಿ, ಬಂದ ಮೇಲೆ ಕ್ಯಾನಿಸ್ಟರ್ ನೀರು ಚೆಲ್ಲಿ, ಉಂಗುರಗಳನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ ಆಮೇಲೆ ಓಡಿಸಲಿ. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೂ ಎಚ್ಚರ ಬೇಕು. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯಬಲ್ಲದು. ಫಿಲ್ಟರ್ ಬಿಚ್ಚಿ ತೊಳೆಯುವ ಹೊತ್ತಿನಲ್ಲೂ ಒಂದು ಏರ್ ಸ್ಟೋನ್ ಓಡುತ್ತಿರಲಿ.

ದೋಷವಲ್ಲದ ಗುಳ್ಳೆಗಳು

ನೀರು ಬದಲಿಸಿದ ದಿನ ಗಾಜಿಗೂ, ಎಲೆಗಳಿಗೂ ಮುತ್ತಿನಂತೆ ಅಂಟಿಕೊಳ್ಳುವ ಗುಳ್ಳೆ ಫಿಲ್ಟರ್‌ನದಲ್ಲ. ತಣ್ಣನೆಯ, ಒತ್ತಡದಲ್ಲಿ ಬಂದ ನಲ್ಲಿ ನೀರು ಬೆಚ್ಚಗಾಗುತ್ತಾ ಗಾಳಿ ಬಿಡುತ್ತದೆ. ಲೈಟ್ ಹಾಕಿ ಕೆಲವು ಗಂಟೆಯ ಮೇಲೆ ಗಿಡದ ಎಲೆಯಿಂದ ಸಾಲಾಗಿ ಏಳುವ ಗುಳ್ಳೆ ಆಮ್ಲಜನಕ, ಗಿಡ ಆರೋಗ್ಯವಾಗಿದೆ ಎಂದು ಸಂತೋಷಪಡಿ. ಆದರೆ ಮೇಲ್ಮೈಯಲ್ಲಿ ಒಡೆಯದೆ ನೊರೆಯಾಗಿ ನಿಲ್ಲುವ ಗುಳ್ಳೆಯನ್ನು ಕಡೆಗಣಿಸಬೇಡಿ. ನೀರಿನಲ್ಲಿ ಕೊಳೆ ಹೆಚ್ಚಾಗಿದೆ. ಆಹಾರ ಕಡಿಮೆ ಮಾಡಿ, ಕಾಲು ಭಾಗ ನೀರು ಬದಲಿಸಿ, ಸತ್ತ ಮೀನು ಎಲ್ಲಾದರೂ ಗಿಡದ ಸಂದಿನಲ್ಲಿದೆಯೇ ಹುಡುಕಿ. ಗೌರಾಮಿ ಅಥವಾ ಬೆಟ್ಟಾ ಗಂಡು ಸಾಕಿದವರಿಗೆ ಒಂದು ಮೂಲೆಯಲ್ಲಿ ನೊರೆಯ ಗುಡ್ಡೆ ಕಂಡರೆ ಅದು ಗೂಡು, ಮುಟ್ಟದೆ ಬಿಡಿ.

ಎಲ್ಲ ಸರಿಯಾದ ಮೇಲೆ ಹೊರಹರಿವಿನ ಕೆಳಗೆ ಒಂದು ಲೀಟರಿನ ಮಗ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಬರೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಹೀಗೆ ಅಳೆದರೆ ಸದ್ದು ಶುರುವಾಗುವ ಮೊದಲೇ ಹತ್ತಿ ಕಟ್ಟಿಕೊಂಡದ್ದು, ಇಂಪೆಲ್ಲರ್ ಸವೆದದ್ದು ತಿಳಿಯುತ್ತದೆ. ಮೋಟಾರಿನ ಮೇಲಿನ ಚೀಟಿಯ ಮಾಡೆಲ್ ಸಂಖ್ಯೆಯನ್ನು ಫೋಟೊ ತೆಗೆದಿಟ್ಟುಕೊಳ್ಳಿ, ನೀರಿನಲ್ಲಿ ಅದು ಬೇಗ ಅಳಿಸಿಹೋಗುತ್ತದೆ. ಇಂಪೆಲ್ಲರ್ ತರಲು ಅಂಗಡಿಗೆ ಹೋಗುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ, ಕಡ್ಡಿಯ ದಪ್ಪ ಮತ್ತು ಅಯಸ್ಕಾಂತದ ಉದ್ದ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದ ಮೇಲೆಯೇ ದುಡ್ಡು ಕೊಡಿ.